ಊಟಕ್ಕೆ ಸೇರೋಣ ಅಂದಮೇಲೆ ಊಟಕ್ಕಷ್ಟೇ ಸೇರಿ

ಬೇರೆ ಬೇರೆ ಊರು ಸೇರಿಕೊಂಡಿರುವ ನಾವು ನಾಲ್ವರು ಗೆಳೆಯರು ನಡುವೆ ಎಲ್ಲಾದರೂ ಹಳ್ಳಿ ಕಡೆ ಕೂತು ಊಟ ಮಾಡಿ ಬರೋಣವೆಂದು ಮೊದಲ ಸಲ ಹೊರಟಾಗ, ದಾರಿಯಲ್ಲಿ ನೋಡಲು ಐದು ಜಾಗಗಳ ಪಟ್ಟಿ ಮಾಡಿದ್ದೆವು. ಐದನ್ನೂ ನೋಡಿದೆವು. ಮಾತಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಈ ಸಲ ಪಟ್ಟಿಯನ್ನೇ ಕೈಬಿಟ್ಟೆವು. ಹಾಗಂತ ಎಲ್ಲವೂ ಸರಿಹೋಯಿತು ಎಂದೇನಲ್ಲ.

ಸೇರುವ ಜಾಗವನ್ನು ನಾನು ಕಿಲೋಮೀಟರ್ ಲೆಕ್ಕದಲ್ಲಿ ಆರಿಸಿದ್ದೆ, ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ದೂರ. ನನಗೆ ಸಿಕ್ಕಿದ್ದು ಹೆದ್ದಾರಿ, ಒಬ್ಬನಿಗೆ ಎದುರು ಗಾಡಿ ಬಂದರೆ ಪಕ್ಕಕ್ಕಿಳಿಯಬೇಕಾದ ಕಿರುದಾರಿ. ನಾನು ಒಂದೂಕಾಲು ಗಂಟೆಯಲ್ಲಿ ತಲುಪಿದೆ, ಅವನು ಎರಡೂವರೆ ಗಂಟೆ ತೆಗೆದುಕೊಂಡ. ಬಂದವನೇ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಡುವಿನ ಜಾಗವನ್ನು ಪ್ರಯಾಣದ ಹೊತ್ತು ನೋಡಿ ಆರಿಸಿ, ದೂರ ನೋಡಿ ಅಲ್ಲ.

ಫೋನಿನಲ್ಲಿ ಜಾಗದ ಗುರುತು ಕಳಿಸಿಬಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಕೊನೆಯ ತಿರುವಿನಲ್ಲೇ ಸಿಗ್ನಲ್ ಹೋಯಿತು. ಜಿಪಿಎಸ್‌ಗೆ ಉಪಗ್ರಹದ ಸಂಕೇತ ಸಾಕು, ನೆಟ್‌ವರ್ಕ್ ಬೇಕಿಲ್ಲ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕಿ ಮಾತ್ರ ಕಾಣುತ್ತದೆ. ಮನೆಯಲ್ಲೇ ಇಳಿಸಿಕೊಳ್ಳಿ.

ಬುತ್ತಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ಈ ಎರಡರ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಹಾಗೇ ಹೊರಗಿಟ್ಟರೆ ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಬೆಳಿಗ್ಗೆ ಎಂಟಕ್ಕೆ ಕಟ್ಟಿದ ಡಬ್ಬಿಯನ್ನು ಒಂದು ಗಂಟೆಗೆ ಬಿಚ್ಚುವವರು ಲೆಕ್ಕ ಹಾಕಿ ನೋಡಿ. ನೀರಿನಂಶ ಕಡಿಮೆ ಇರುವ ತಿನಿಸುಗಳನ್ನೇ ಹಂಚಿಕೊಂಡು ತಂದೆವು, ಉಳಿದದ್ದಕ್ಕೆ ಐಸ್ ಪೆಟ್ಟಿಗೆ. ಅದನ್ನು ಕಾರಿನ ಡಿಕ್ಕಿಯಲ್ಲಿ ಕಾಯಲು ಬಿಡದೆ ಸೀಟಿನ ಬುಡದಲ್ಲಿ ಇಟ್ಟಿದ್ದೆವು. ಊಟದ ಹೊತ್ತಿನವರೆಗೆ ಮುಚ್ಚಳ ತೆಗೆಯಲು ಯಾರಿಗೂ ಬಿಡಲಿಲ್ಲ.

ಹೊಲದಂಚಿನ ದೊಡ್ಡ ಮರದಡಿ ಕೂರುವ ಮುನ್ನ ಹೊಲದವರನ್ನು ಕೇಳಿದೆವು. ಕೇಳಿದ್ದೇ ಒಳ್ಳೆಯದಾಯಿತು, ಕೈ ತೊಳೆಯಲು ಒಂದು ಕೊಡ ನೀರೂ ಬಂತು. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಹೋದವನನ್ನು ಅವರೇ ತಡೆದರು. ಓಡಿ ಬಂದ ಗಾಡಿಯ ಹೊಗೆ ಕೊಳವೆ ಕಾದಿರುತ್ತದೆ, ಹುಲ್ಲಿಗೆ ಕಿಡಿ ಬೇಕಾಗಿಲ್ಲ. ನಮಗೆ ಹೊಳೆದೇ ಇರಲಿಲ್ಲ.

ಹನ್ನೊಂದಕ್ಕೆ ಮರದ ಪಶ್ಚಿಮಕ್ಕೆ ಹಾಸಿದ್ದ ಚಾಪೆ ಊಟಕ್ಕೆ ಕೂರುವ ಹೊತ್ತಿಗೆ ಬಿಸಿಲಲ್ಲಿತ್ತು. ಮಧ್ಯಾಹ್ನ ಕಳೆದಂತೆ ನೆರಳು ಪೂರ್ವಕ್ಕೆ ಸರಿಯುತ್ತದೆಂದು ಶಾಲೆಯಲ್ಲಿ ಓದಿದವರೇ ನಾಲ್ವರೂ! ಸಂಜೆಯವರೆಗೆ ಕೂರುವವರು ಪೂರ್ವದ ಕಡೆಗೇ ಹಾಸಿಕೊಳ್ಳಿ. ಗುಡುಗು ಕೇಳಿದರೆ ಮಾತ್ರ ಎಂಥ ನೆರಳಾದರೂ ಬಿಟ್ಟು ಕಾರಿನೊಳಗೆ ಸೇರಿ, ಕೊನೆಯ ಗುಡುಗಾಗಿ ಅರ್ಧ ಗಂಟೆಯವರೆಗೆ ಇಳಿಯಬೇಡಿ.

ಊಟವಾದ ಮೇಲಿನ ಮೂರು ಗಂಟೆಯ ಬಗ್ಗೆ ಹೇಳುವುದೇನೂ ಇಲ್ಲ. ಅದಕ್ಕೇ ಹೋದದ್ದು.

ಓಡಿಸುವವರು ಹೊರಡುವ ಮೊದಲು ಇಪ್ಪತ್ತು ನಿಮಿಷ ಕಣ್ಣು ಮುಚ್ಚಲಿ, ಮಧ್ಯಾಹ್ನದ ಮಂಪರು ಸ್ಟೀರಿಂಗ್ ಹಿಡಿದಾಗ ಒಳ್ಳೆಯದಲ್ಲ. ಕತ್ತಲಾಗುವ ಮುನ್ನ ಡಾಂಬರು ರಸ್ತೆ ಸೇರುವಂತೆ ಏಳಿ. ಸೂರ್ಯ ಮುಳುಗಲು ಇನ್ನೆಷ್ಟು ಹೊತ್ತಿದೆ ಎಂದು ಅಂದಾಜಿಸಲು ಕೈ ಮುಂದೆ ಚಾಚಿ, ದಿಗಂತಕ್ಕೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಅಡ್ಡ ಹಿಡಿಸುತ್ತದೆ ನೋಡಿ: ಒಂದೊಂದು ಬೆರಳಿಗೆ ಸುಮಾರು ಹದಿನೈದು ನಿಮಿಷ. ಸೂರ್ಯನನ್ನು ನೇರ ದಿಟ್ಟಿಸಬೇಡಿ ಅಷ್ಟೆ.

ಮುಂದಿನ ಭೇಟಿಯ ದಿನವನ್ನು ಚಾಪೆ ಮಡಿಸುವ ಮೊದಲೇ ಗೊತ್ತು ಮಾಡಿಕೊಳ್ಳಿ, ಮನೆಗೆ ಹೋದಮೇಲೆ ವಾಟ್ಸಾಪಿನಲ್ಲಿ ಅದು ಆಗುವ ಮಾತಲ್ಲ. ನಮ್ಮದು ಗೊತ್ತಾಗಿದೆ. ಜಾಗ ಆರಿಸುವ ಸರದಿ ಕಿರುದಾರಿಯಲ್ಲಿ ಬಂದವನದು. ನಾನು ಎಷ್ಟು ಬೇಗ ಹೊರಡಬೇಕಾಗುತ್ತದೋ ನೋಡಬೇಕು.