ಬಾಂಡ್ ಬರಸ್ಕೊಂಡ್ರ ಸಿಸ್ಟರ್ ಉಳೀತಾರೇನ್ರಿ?

ವಿಜಯಪುರದ ಬ್ಯಾಸಗ್ಯಾಗ ದವಾಖಾನ್ಯಾಗ ನರ್ಸ್ ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗೋದು ಆಗದ ಮಾತು. ತಗಡಿನ ಮನಿ, ಅದರಾಗ ಕರೆಂಟ್ ಹೋಗಿರತೈತಿ. ನಸುಕಿನ 3ರಿಂದ 5ರತನಕ ನಿದ್ದಿ ಭಾಳ ಜಗ್ಗತೈತಿ. ಆ ಹೊತ್ತಿನ್ಯಾಗ ಇನ್ಸುಲಿನ್ ಡೋಸ್ ಎರಡೆರಡು ಸಲ ನೋಡ್ತೀನಿ.

ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಾಗ ಟೀಚಿಂಗ್ ಅಲ್ಲದ (ಮೆಡಿಕಲ್ ಕಾಲೇಜಿನದಲ್ಲದ) ದವಾಖಾನಿ ಜನರಲ್ ವಾರ್ಡಿಗೆ 5 ಪೇಷಂಟಿಗೊಬ್ಬ ನರ್ಸ್, ಐಸಿಯುದಾಗ ಒಬ್ಬರಿಗೊಬ್ಬರು. ನಮ್ಮಲ್ಲಿ ರಾತ್ರಿ ತುಂಬಿದ ವಾರ್ಡಿಗೆ ನಾನು, ಒಬ್ಬ ಟ್ರೇನಿ ಹುಡುಗಿ, ಅಷ್ಟ.

ಯಾರರೆ ಬಿಟ್ಟು ಹೋದಾಗೆಲ್ಲ ಮ್ಯಾನೇಜ್‌ಮೆಂಟಿನವರು ಇಷ್ಟು ದಿನ ಕೆಲಸ ಬಿಡಂಗಿಲ್ಲ ಅನ್ನೋ ಬಾಂಡ್ ಬಿಗಿ ಮಾಡ್ತಾರ, ಮಾರ್ಕ್ಸ್‌ಕಾರ್ಡ್ ಇಟ್ಕೋತಾರ. ಪಗಾರ ಇದ್ದಷ್ಟ. (ಚಹಾ ಮಾತ್ರ ಪುಕ್ಕಟೆ.) ನನ್ನ ಕೇಳಿದ್ರ, ತಿಂಗಳ ರೋಸ್ಟರ್ (ಯಾರಿಗೆ ಯಾವಾಗ ಡ್ಯೂಟಿ ಅನ್ನೋ ಪಟ್ಟಿ) ಮೊದಲ ಕೊಡ್ರಿ, ನೈಟ್ ಸರದಿ ಮುಗಿದ ಮ್ಯಾಲ ಖರೇನ ರಜಾ ಕೊಡ್ರಿ ಅಂತೀನಿ. ಮೊನ್ನೆ ಬಿಟ್ಟ ಇಂಡಿ ಕಡಿ ಹುಡುಗಿ ಜರ್ಮನಿಗೆ ಹೋಗಬೇಕಂತ ಈಗ ಜರ್ಮನ್ ಕ್ಲಾಸಿಗೆ ಹೋಗಾಕತ್ತಾಳ.