ಮರೀನ್ ಟ್ಯಾಂಕಿಗೆ ಯಾವ ನೀರು: ನಲ್ಲಿಯದೋ, ಅಡುಗೆಮನೆ ಆರ್‌ಒದೋ?

ಉಪ್ಪುನೀರಿನ ಅಕ್ವೇರಿಯಂ ಇಡುವವರು ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಟ್ಯಾಂಕ್ ತುಂಬಿಸುವ ದಿನ. ಲೆಕ್ಕ ತಪ್ಪುವುದು ಮಾತ್ರ ಆಮೇಲೆ, ಆರಿಹೋದಷ್ಟನ್ನು ತುಂಬಲು ದಿನಾ ಹಾಕುವ ಟಾಪ್‌ಅಪ್‌ನಲ್ಲಿ. ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು, ಸುಣ್ಣ, ನೈಟ್ರೇಟ್, ಫಾಸ್ಫೇಟ್ ಎಲ್ಲ ಒಳಗೇ ಉಳಿಯುತ್ತವೆ. ಮೇಲಿಂದ ಸುರಿಯುವ ನೀರಲ್ಲಿ ಏನಿದೆಯೋ ಅದು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ.

200 ಲೀಟರ್ ಟ್ಯಾಂಕ್ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಫ್ಯಾನ್ ಹಾಕಿದ್ದರೆ ದಿನಕ್ಕೆ 3 ಲೀಟರ್ ಆರಿಹೋಗುವುದು ಸಾಮಾನ್ಯ, ತಿಂಗಳಿಗೆ 90 ಲೀಟರ್. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ. ಆ ಮಿತಿಯಲ್ಲೇ ಇರುವ, ಅಂದರೆ ಮನುಷ್ಯರು ಧೈರ್ಯವಾಗಿ ಕುಡಿಯಬಹುದಾದ ನೀರನ್ನು ಟಾಪ್‌ಅಪ್ ಮಾಡಿದರೆ ತಿಂಗಳಿಗೆ 4,050 ಮಿ.ಗ್ರಾಂ ನೈಟ್ರೇಟ್ ಒಳಗೆ ಬೀಳುತ್ತದೆ. ಟ್ಯಾಂಕಿನಲ್ಲಿ ಲೀಟರಿಗೆ 20 ಮಿ.ಗ್ರಾಂ ಏರಿಕೆ, ಮೀನಿಗೆ ಒಂದು ಕಾಳು ಆಹಾರ ಹಾಕುವ ಮೊದಲೇ! ಹವಳದ ಟ್ಯಾಂಕಿನಲ್ಲಿ ಅದನ್ನು 10ರೊಳಗೆ ಇಟ್ಟುಕೊಳ್ಳಲು ಒದ್ದಾಡುತ್ತೇವೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಬೆಂಗಳೂರಿನಲ್ಲಿ 'ನಲ್ಲಿ ನೀರು' ಅಂದರೆ ಯಾವ ನೀರು ಎಂಬುದೇ ಮೊದಲ ಪ್ರಶ್ನೆ. ಅಪಾರ್ಟ್‌ಮೆಂಟಿನ ಸಂಪಿಗೆ ಕಾವೇರಿ ಬರುತ್ತದೆ, ಬೋರ್‌ವೆಲ್ ಬರುತ್ತದೆ, ಮಾರ್ಚ್ ಬಂದರೆ ಟ್ಯಾಂಕರೂ ಬರುತ್ತದೆ. ಇವತ್ತು ಟಿಡಿಎಸ್ (ನೀರಲ್ಲಿ ಕರಗಿರುವ ಒಟ್ಟು ಲವಣ) 200 ತೋರಿಸಿದ ನಲ್ಲಿ ಮುಂದಿನ ವಾರ 900 ತೋರಿಸಬಹುದು. ಹಾಗಾಗಿ ಒಂದೇ ಸಲ ಅಳೆದು ತೀರ್ಮಾನಕ್ಕೆ ಬರಬೇಡಿ.

ಬೋರ್ ನೀರಿನ ದೊಡ್ಡ ತಲೆನೋವು ಅದರ ಗಡಸುತನ, ಜೊತೆಗಿರುವ ಕ್ಷಾರೀಯತೆ. ಕ್ಷಾರೀಯತೆ ಲೀಟರಿಗೆ 300 ಮಿ.ಗ್ರಾಂ ಇದ್ದರೆ ಅದೇ ಸುಮಾರು 17 ಡಿಕೆಎಚ್ (ಅಕ್ವೇರಿಯಂನವರು ಕ್ಷಾರೀಯತೆ ಅಳೆಯುವ ಮಾನ) ಆಯಿತು. ಅದರ ಮೇಲೆ ಸಾಲ್ಟ್ ಮಿಕ್ಸ್ (ಕಡಲ ನೀರು ಮಾಡಲು ಕಲಸುವ ಉಪ್ಪು) ತನ್ನ ಪಾಲಿನ 8 ಸೇರಿಸುತ್ತದೆ. ಒಟ್ಟು 25ರ ಹತ್ತಿರ ಹೋದಾಗ ಕ್ಯಾಲ್ಸಿಯಂ ಕರಗಿ ನಿಲ್ಲಲಾರದೆ ಕಾರ್ಬೊನೇಟ್ ಆಗಿ ಹೊರಬೀಳುತ್ತದೆ. ಡ್ರಮ್ಮಿನ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಪಂಪಿನ ಇಂಪೆಲ್ಲರ್ ಸುತ್ತ ಬಿಳಿ ಸುಣ್ಣ ಕಟ್ಟುತ್ತದೆ. ಉಪ್ಪಿನ ಕಂಪನಿಯನ್ನು ಬೈಯುವ ಮೊದಲು ನೀರು ನೋಡಿ. ಗ್ರಾನೈಟ್, ನೈಸ್ ಬಂಡೆಯೊಳಗಿನ ನೀರಾದ್ದರಿಂದ ಸಿಲಿಕಾ ಕೂಡ ಕರಗಿರುತ್ತದೆ. ಗಾಜಿನ ಮೇಲೆ ಒರೆಸಿದಷ್ಟೂ ಮರಳಿ ಬರುವ ಕಂದು ಪುಡಿಯಂಥ ಡಯಾಟಂ ಪಾಚಿಗೆ ಅದೇ ಬೇಕು.

ಬರೀ ಕಾವೇರಿ ನೀರು, ಟ್ಯಾಂಕಿನಲ್ಲಿ ಬರೀ ಮೀನು ಎಂದಾದರೆ ನಲ್ಲಿ ನೀರಲ್ಲಿ ನಡೆಸಬಹುದು. ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಸಾಕು, 1 ಮಿ.ಗ್ರಾಂ ಕ್ಲೋರಿನ್‌ಗೆ ಅಂದಾಜು 7 ಮಿ.ಗ್ರಾಂ. ಹವಳ, ಸೀಗಡಿ, ಬಸವನಹುಳು, ಅನಿಮೋನ್ ಯಾವುದಿದ್ದರೂ ಈ ದಾರಿ ಬೇಡ.

'ಮನೆಯಲ್ಲಿ ಆರ್‌ಒ ಇದೆಯಲ್ಲ' ಎನ್ನುವವರೇ ಹೆಚ್ಚು ಎಡವುವುದು. ಅಡುಗೆಮನೆಯ ಯಂತ್ರ ಕುಡಿಯುವ ರುಚಿಗೆ ಮಾಡಿದ್ದು. ಮೆಂಬ್ರೇನ್ (ಆರ್‌ಒದ ಸೋಸುವ ಪೊರೆ) ದಾಟಿ ಬಂದ ಶುದ್ಧ ನೀರಿಗೆ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ವಾಲ್ವ್ ಮತ್ತೆ ಹಸಿ ನೀರನ್ನು ಬೆರೆಸುತ್ತದೆ, ಮಿನರಲ್ ಕಾರ್ಟ್ರಿಜ್ ಖನಿಜ ಸೇರಿಸುತ್ತದೆ. ಈಗ ಬರುವ ಹಲವು ಮಾದರಿಗಳು ತಾಮ್ರವನ್ನೂ ಸೇರಿಸುತ್ತವೆ, ಡಬ್ಬದ ಮೇಲೆ 'ಕಾಪರ್' ಎಂದು ಹೆಮ್ಮೆಯಿಂದ ಬರೆದಿರುತ್ತದೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಅಯಾನಿಕ್ ತಾಮ್ರವನ್ನು ಲೀಟರಿಗೆ 0.15–0.20 ಮಿ.ಗ್ರಾಂ ಮಟ್ಟದಲ್ಲಿ ಕೊಡುತ್ತಾರೆ. ಆ ಮಟ್ಟದಲ್ಲೇ ಸೀಗಡಿ, ಹವಳ ಸಾಯುತ್ತವೆ. ಜೊತೆಗೆ ತಾಮ್ರ ಕಲ್ಲು, ಮರಳಿಗೆ ಅಂಟಿ ಕೂರುತ್ತದೆ. ಇಪ್ಪತ್ತು ಲೀಟರ್ ಕ್ಯಾನ್ ನೀರಿನದೂ ಭರವಸೆಯಿಲ್ಲ, ಖನಿಜ ಸೇರಿಸಿದ್ದಾರೋ ಇಲ್ಲವೋ ಎನ್ನುವುದು ಘಟಕದಿಂದ ಘಟಕಕ್ಕೆ ಬೇರೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಡುವ ಜಾಣರಿದ್ದಾರೆ. ಅದು ತಾಮ್ರದ ಕಾಯಿಲ್ ಮೇಲಿಂದ ಇಳಿದು ಬಂದದ್ದು, ಬಿಟ್ಟುಬಿಡಿ.

ಅದೇ ಅಡುಗೆಮನೆ ಯಂತ್ರದ ಬಿಡಿಭಾಗಗಳಿಂದ ಟ್ಯಾಂಕಿಗೆಂದೇ ಒಂದು ಪ್ರತ್ಯೇಕ ಸೆಟ್ ಕಟ್ಟಿಸಿಕೊಳ್ಳುವುದು ಸರಿಯಾದ ದಾರಿ. ಯಾವ ಆರ್‌ಒ ಸ್ಪೇರ್ಸ್ ಅಂಗಡಿಯಲ್ಲೂ ಇವು ಸಿಗುತ್ತವೆ. ಮೊದಲು 10 ಇಂಚಿನ, 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಆಮೇಲೆ ಕಾರ್ಬನ್ ಬ್ಲಾಕ್. ಕಾರ್ಬನ್ನನ್ನು ಬಿಟ್ಟರೆ ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ. ನಂತರ 24 ವೋಲ್ಟ್ ಬೂಸ್ಟರ್ ಪಂಪ್, 75 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಮೆಂಬ್ರೇನ್, ಅದರ ವೇಸ್ಟ್ ಪೈಪಿಗೆ ಹೊಂದುವ ಎಫ್‌ಆರ್ (ಹರಿವನ್ನು ತಡೆದು ಒತ್ತಡ ಉಳಿಸುವ ಫ್ಲೋ ರಿಸ್ಟ್ರಿಕ್ಟರ್). ಕೊನೆಗೆ ಮಿಕ್ಸೆಡ್ ಬೆಡ್ ಡಿಐ ರೆಸಿನ್ (ಉಳಿದ ಅಯಾನುಗಳನ್ನು ಹೀರಿಕೊಳ್ಳುವ ಕಾಳುಗಳು), ಬಣ್ಣ ಬದಲಾಗುವ ಬಗೆಯದು. ಡಿಐ ಹೌಸಿಂಗ್ ನೆಟ್ಟಗೆ ನಿಲ್ಲಲಿ, ನೀರು ಕೆಳಗಿಂದ ಮೇಲಕ್ಕೆ ಹರಿಯಲಿ. ಮಲಗಿಸಿಟ್ಟರೆ ರೆಸಿನ್ ಮೇಲ್ಭಾಗದ ಸಂದಿಯಲ್ಲೇ ನೀರು ಹಾದು ಹೋಗುತ್ತದೆ. 75 ಜಿಪಿಡಿ ಎಂದರೆ ಪೂರ್ತಿ ಒತ್ತಡದಲ್ಲಿ ಗಂಟೆಗೆ 12 ಲೀಟರ್ ಆಸುಪಾಸು.

ಟಿಡಿಎಸ್ ಮೀಟರನ್ನು ಮೂರು ಕಡೆ ಹಿಡಿಯಿರಿ: ಒಳಬರುವ ನೀರು, ಮೆಂಬ್ರೇನ್ ನಂತರ, ಡಿಐ ನಂತರ. 400 ಒಳಬಂದು ಮೆಂಬ್ರೇನ್ ಆಚೆ 8–20 ಬಂದರೆ ಮೆಂಬ್ರೇನ್ ಚೆನ್ನಾಗಿದೆ. 40 ದಾಟಿದರೆ ಬದಲಿಸಿ, ಇಲ್ಲವಾದರೆ ದುಬಾರಿ ರೆಸಿನ್ ಬೇಗ ಮುಗಿಯುತ್ತದೆ. ಡಿಐ ನಂತರ 0 ಇರಬೇಕು. 1 ತೋರಿಸಿದ ದಿನವೇ ರೆಸಿನ್ ಬದಲಿಸಿ. ಸೋತ ರೆಸಿನ್ ಮೊದಲು ಕೈಬಿಡುವುದು ಸಡಿಲವಾಗಿ ಹಿಡಿದುಕೊಂಡಿದ್ದ ಸಿಲಿಕಾವನ್ನು, ಅದನ್ನು ಮೀಟರ್ ಸರಿಯಾಗಿ ಕಾಣುವುದೇ ಇಲ್ಲ. ಯಂತ್ರ ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಮೆಂಬ್ರೇನಿನಿಂದ ಬರುವ ನೀರಿನ ಟಿಡಿಎಸ್ ಜಾಸ್ತಿ ಇರುತ್ತದೆ. ಅದನ್ನು ಡಿಐಗೆ ಬಿಡದೆ ಬಕೆಟ್ಟಿಗೆ ಹಿಡಿಯಿರಿ.

ಬೋರ್ ನೀರಿನವರಿಗೆ ಇನ್ನೊಂದು ಮಾತು. ಕರಗಿದ ಇಂಗಾಲದ ಡೈಆಕ್ಸೈಡ್ ಮೆಂಬ್ರೇನನ್ನು ಸಲೀಸಾಗಿ ದಾಟಿ ರೆಸಿನ್ ತಿನ್ನುತ್ತದೆ. ರೆಸಿನ್ ಬೇಗ ಬೇಗ ಬಣ್ಣ ಕಳೆದುಕೊಳ್ಳುತ್ತಿದ್ದರೆ ಆರ್‌ಒ ನೀರನ್ನು ತೆರೆದ ಡ್ರಮ್ಮಿನಲ್ಲಿ ಏರ್‌ಸ್ಟೋನ್ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಡಿಐ ಮೂಲಕ ಪಂಪ್ ಮಾಡಿ.

ಉಪ್ಪು ಕಲಸುವುದು ಸುಲಭ: ನೀರಿಗೆ ಉಪ್ಪು, ಉಪ್ಪಿಗೆ ನೀರಲ್ಲ. ಲೀಟರಿಗೆ 36–38 ಗ್ರಾಂ, ಪವರ್‌ಹೆಡ್ (ನೀರು ತಿರುಗಿಸುವ ಪುಟ್ಟ ಪಂಪ್) ಹಾಕಿ ಒಂದು ದಿನ ತಿರುಗಿಸಿ, 35 ಪಿಪಿಟಿಗೆ (ಸಾವಿರಕ್ಕೆ 35 ಭಾಗ ಉಪ್ಪು) ಹೊಂದಿಸಿ. ಟಾಪ್‌ಅಪ್‌ಗೆ ಉಪ್ಪಿಲ್ಲದ ನೀರು ಮಾತ್ರ. ಡ್ರಮ್ಮಿಗೆ ಹಿತ್ತಾಳೆ ನಲ್ಲಿ ಹಾಕಿಸಬೇಡಿ, ಪ್ಲಾಸ್ಟಿಕ್ಕಿನದೇ ಇರಲಿ. ಮಂಗಳೂರು, ಕಾರವಾರದಲ್ಲಿ ಕಡಲ ನೀರನ್ನೇ ತಂದು ಹಾಕುವವರಿಗೂ ಟಾಪ್‌ಅಪ್‌ಗೆ ಇದೇ ಡಿಐ ನೀರು ಬೇಕು. ಮಳೆಗಾಲದಲ್ಲಿ ಅಳಿವೆಯ ಹತ್ತಿರದ ನೀರಂತೂ ಅರ್ಧ ಹೊಳೆಯೇ, ಅಳೆಯದೆ ತರಬೇಡಿ.

ಉಳಿದದ್ದು ವೇಸ್ಟ್ ನೀರಿನ ವಿಷಯ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಹೋಗುತ್ತದೆ. ಉಳಿಸುತ್ತೇವೆಂದು ವೇಸ್ಟ್ ಪೈಪನ್ನು ಹಿಂಡಿ ಕಟ್ಟಿದರೆ ಮೆಂಬ್ರೇನ್ ಸುಣ್ಣಗಟ್ಟುತ್ತದೆ. ಕಾವೇರಿ ನೀರಾದರೆ ಈ ವೇಸ್ಟು ಮೂಲಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಗಟ್ಟಿ ಅಷ್ಟೆ, ಬಟ್ಟೆ ಒಗೆಯಲು, ಗಿಡಕ್ಕೆ ಧಾರಾಳವಾಗಿ ಆಗುತ್ತದೆ. 1000 ಟಿಡಿಎಸ್ ಬೋರ್ ನೀರಿನದು 1300 ದಾಟಿರುತ್ತದೆ. ಅದು ನೆಲ ಒರೆಸಲು, ಟಾಯ್ಲೆಟ್ಟಿಗೆ ಸರಿ, ಕುಂಡದ ಗಿಡಗಳಿಗೆ ಬೇಡ.