ಅಮ್ಮನ ಮುಖದ ಗುಳ್ಳೆ

ಚಿಕ್ಕಬಳ್ಳಾಪುರ, ಭಾನುವಾರ, 9 ಮಾರ್ಚ್ 2025

ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರಿಗೆ ಗೆಫಿಟಿನಿಬ್ ಅನ್ನೋ ಮಾತ್ರೆ ಶುರುವಾಗಿ ಎರಡನೇ ವಾರ. ಮೂಗಿನ ಅಕ್ಕಪಕ್ಕ, ಗಲ್ಲ, ಎದೆ ಮೇಲೆಲ್ಲ ಕೆಂಪು ಗುಳ್ಳೆ ಎದ್ದಿವೆ. ಕೆಲವಕ್ಕೆ ತುದೀಲಿ ಕೀವು. ಮುಟ್ಟಿದರೆ ಉರಿ, ಬಿಟ್ಟರೆ ನವೆ. ಸೇವಂತಿಗೆ ಕಟ್ಟೋಕೆ ಬಂದ ಪಕ್ಕದ ಮನೆಯವರು "ಈ ವಯಸ್ಸಲ್ಲಿ ಮೊಡವೆನಾ?" ಅಂತ ನಕ್ಕು, ಮಗಳ ಮೊಡವೆ ಕ್ರೀಮು ತಂದುಕೊಟ್ಟರು. ಇಸ್ಕೊಂಡು ಕಪಾಟಿಗೆ ಸೇರಿಸಿದೆ.

ನೋಡೋಕೆ ಮೊಡವೆ ಥರಾನೇ, ಆದರೆ ಮೊಡವೆ ಅಲ್ಲ. ಈ ಮಾತ್ರೆ ತಡೆಯೋದು ಇಜಿಎಫ್‌ಆರ್ ಅನ್ನೋ ಪ್ರೋಟೀನನ್ನ. ಅಮ್ಮನ ಶ್ವಾಸಕೋಶದ ಗಡ್ಡೆ ಬೆಳೆಯೋದು ಅದನ್ನೇ ನೆಚ್ಚಿಕೊಂಡು. ಆದರೆ ಚರ್ಮಕ್ಕೂ ಕೂದಲ ಬುಡಕ್ಕೂ ಅದೇ ಬೇಕು, ಹಾಗಾಗಿ ಅಲ್ಲೂ ಏಟು ಬೀಳುತ್ತೆ. ಮೊಡವೆ ಕ್ರೀಮು ಚರ್ಮ ಒಣಗಿಸುತ್ತೆ. ಮೊದಲೇ ಒಣಗಿ ಬಿರಿದ ಮುಖಕ್ಕೆ ಅದು ಬೇಕಾ? ನಿಂಬೆರಸ, ಕಡ್ಲೆಹಿಟ್ಟಿನ ಸಲಹೆಗೂ ಇದೇ ಉತ್ತರ.

ಡಾಕ್ಟರು ಬರೆದುಕೊಟ್ಟಿದ್ದು ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ 100 ಮಿ.ಗ್ರಾಂ., ಮುಖಕ್ಕೆ ತೆಳ್ಳಗೆ ಹಚ್ಚೋಕೆ 1% ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಕ್ರೀಮು, ವಾಸನೆಯಿಲ್ಲದ ಮಾಯಿಶ್ಚರೈಸರ್, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ಮೈ ಒರೆಸಿದ ತಕ್ಷಣ, ತೇವ ಆರೋ ಮೊದಲೇ ಮಾಯಿಶ್ಚರೈಸರ್ ಹಚ್ಚಬೇಕು. ಇಷ್ಟಕ್ಕೆಲ್ಲ ಅಮ್ಮ ಒಪ್ಪಿದಳು. ಜಗಳ ಬಂದಿದ್ದು ಹಾಲಿಗೆ. ಅವಳು ಜನ್ಮದಲ್ಲಿ ಹಾಲಿಲ್ಲದೆ ಮಾತ್ರೆ ನುಂಗಿದವಳಲ್ಲ. ಹಾಲಿನ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್‌ನ ಪೂರ್ತಿ ಮೈಗೆ ಹತ್ತೋಕೆ ಬಿಡಲ್ಲ ಅಂತ ಎಷ್ಟು ಹೇಳಿದರೂ "ಹಾಲು ವಿಷಾನಾ?" ಅಂತಾಳೆ. ಕೊನೆಗೆ ಲೋಟದ ತುಂಬ ನೀರಲ್ಲಿ ನುಂಗಿ, ಮುಖ ಊದಿಸ್ಕೊಂಡು ಅರ್ಧ ಗಂಟೆ ಕೂತಿದ್ದಳು. ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಸುಡಬಹುದು.

ಮಾವ ತಂದ ದೇವನಹಳ್ಳಿ ಚಕ್ಕೋತವೂ ಅವಳಿಗಿಲ್ಲ. ಕ್ಯಾನ್ಸರ್ ಮದ್ದನ್ನ ಅರಗಿಸೋ ಕಿಣ್ವಕ್ಕೆ ಅದು ಅಡ್ಡ ಬಂದು, ರಕ್ತದಲ್ಲಿ ಮದ್ದು ಏರಿಸಬಹುದು. ನಾನೇ ತಿಂದೆ.

ಮುಂದೆ ಉಗುರುಸುತ್ತೂ ಆಗಬಹುದಂತೆ. ಗುಲಾಬಿ ಬಿಡಿಸೋ ಕೈ, ಮುಳ್ಳು ತಪ್ಪಿದ್ದಲ್ಲ. ಗ್ಲೌಸ್ ತಂದಿಟ್ಟಿದ್ದೀನಿ. ಅದರೊಳಗೆ ಹತ್ತಿಯದೊಂದು ಜೊತೆ, ಬೆವರಿಗೆ.

ಚಿಂತಾಮಣೀಲಿ ಮದುವೆ ಇದೆ, ಅಲ್ಲೀವರೆಗೂ ಕ್ಯಾನ್ಸರ್ ಮಾತ್ರೆ ಬಿಡ್ತೀನಿ ಅಂತ ಸಂಜೆ ಹೊಸ ರಾಗ. ಗುಳ್ಳೆ ಜೋರಾದರೆ ಕೆಲವು ದಿನ ನಿಲ್ಲಿಸೋದುಂಟು, ಆದರೆ ಅದನ್ನ ಹೇಳಬೇಕಾದವರು ಡಾಕ್ಟರು. ಫೋನ್ ಮಾಡಿ ಕೇಳಿದೆ. ಈಗ ನಿಲ್ಲಿಸೋ ಅಷ್ಟೇನಿಲ್ಲ, ಜ್ವರ ಬಂದರೆ, ಕೀವು ಸೋರಿದರೆ, ಕಣ್ಣು ಕೆಂಪಾದರೆ ತಕ್ಷಣ ಬನ್ನಿ ಅಂದರು. ಅಮ್ಮನ ರಾಜಿ ಸೂತ್ರ: ಮಾತ್ರೆ ತಗೋತಾಳೆ, ಮದುವೆಗೂ ಬರ್ತಾಳೆ, ಆದರೆ ಊಟಕ್ಕೆ ಮಾತ್ರ. ಫೋಟೋಗೆ ನಿಲ್ಲಲ್ಲ.